ಡೈವಿಂಗ್ ಟ್ರಿಪ್‌ಗೆ ಸ್ಪೇರ್, ಟೂಲ್ಸ್: 15 ಕೆಜಿ ಲಗೇಜ್‌ನಲ್ಲಿ ಏನೇನು ಹಿಡಿಸಬಹುದು?

ಹೊಸ_ಮೀನು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನೇತ್ರಾಣಿಯಲ್ಲಿ ಬಾಡಿಗೆ ಸಾಮಾನು ಹಾಕಿಕೊಂಡೇ ಡೈವ್ ಮಾಡುತ್ತಿದ್ದೆ. ಈಗ ಸ್ವಂತ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಉಸಿರಾಡುವಂತೆ ಮಾಡಿಕೊಡೋದು), ಬಿಸಿಡಿ (ತೇಲೋಕೆ ಗಾಳಿ ತುಂಬುವ ಜಾಕೆಟ್), ಡೈವ್ ಕಂಪ್ಯೂಟರ್ ತಗೊಂಡಿದ್ದೇನೆ. ರೆಗ್ಯುಲೇಟರ್ ಡಿನ್ ಮಾದರಿಯದು, ಅಂದರೆ ಸಿಲಿಂಡರ್ ವಾಲ್ವ್ ಒಳಗೆ ತಿರುಪಿ ಕೂರಿಸೋದು. ಜನವರಿಯಲ್ಲಿ ನಾನು, ನಮ್ಮ ಯಜಮಾನರು ಅಂಡಮಾನ್‌ಗೆ ಹೊರಟಿದ್ದೇವೆ. ಹ್ಯಾವ್ಲಾಕ್‌ನಲ್ಲಿ ಒಂದು ವಾರ.

ಸ್ವಂತ ಸಾಮಾನು ಅಂದಮೇಲೆ ಕೆಟ್ಟರೆ ತಲೆನೋವೂ ನಮ್ಮದೇ ಅಲ್ವಾ? ಏನು ಒಯ್ಯಬೇಕು ಅಂತ ಹುಡುಕಿದರೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಕೆಲವರು ಅರ್ಧ ಗ್ಯಾರೇಜನ್ನೇ ಹೊತ್ತುಕೊಂಡು ಹೋಗುತ್ತಾರೆ. ನಮಗೆ ವಿಮಾನದಲ್ಲಿ ತಲೆಗೆ 15 ಕೆಜಿ. ಬಿಸಿಡಿ, ಫಿನ್ಸ್, ವೆಟ್‌ಸೂಟ್ ಹಾಕಿದರೆ ಬಟ್ಟೆಗೇ ಜಾಗ ಇಲ್ಲ. ನಿಜವಾಗಿ ಕೆಡೋದು ಏನು? ಯಾವುದನ್ನು ಒಯ್ದರೆ ಉಪಯೋಗ? ಅಂದಹಾಗೆ, ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ದೋಣಿಮನೆ, ಮುರುಡೇಶ್ವರ

ಅಕ್ಕ, ನಾನು ಸೀಸನ್‌ನಲ್ಲಿ ಬೋಟ್ ಮೇಲೆ ಕೆಲಸ ಮಾಡುವವನು. ನೋಡಿದ್ದನ್ನು ಹೇಳುತ್ತೇನೆ.

ಬೋಟ್ ಮೇಲೆ ಡೈವ್ ತಪ್ಪಿಹೋಗೋದು ದೊಡ್ಡ ರಿಪೇರಿಯಿಂದ ಅಲ್ಲ ಮಾರಾಯ್ರೆ. ಮಾಸ್ಕ್ ಸ್ಟ್ರಾಪ್ ಕಿತ್ತುಹೋಗುತ್ತೆ. ಫಿನ್ ಸ್ಟ್ರಾಪ್ ಬಕಲ್ ಮುರಿಯುತ್ತೆ. ಮೌತ್‌ಪೀಸ್ ಕಚ್ಚಿ ಕಚ್ಚಿ ಹರಿದಿರುತ್ತೆ, ಇಲ್ಲಾ ಅದನ್ನು ಬಿಗಿದ ಪ್ಲಾಸ್ಟಿಕ್ ಜಿಪ್ ಟೈ ಸಡಿಲವಾಗಿ ಮೌತ್‌ಪೀಸ್ ಬಾಯಲ್ಲೇ ಉಳಿದು ರೆಗ್ಯುಲೇಟರ್ ಕೈಗೆ ಬರುತ್ತೆ. ಸಿಲಿಂಡರ್ ತೆರೆದ ಕೂಡಲೇ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಹತ್ತಿರ ಸುಯ್ ಅಂತ ಗಾಳಿ ಹೋಗುತ್ತೆ. ಕಂಪ್ಯೂಟರ್ ಬ್ಯಾಟರಿ ಸತ್ತಿರುತ್ತೆ. ಹೆಚ್ಚಿನ ಕಥೆ ಇಷ್ಟರಲ್ಲೇ ಮುಗೀತದೆ. ಎಲ್ಲ ಸೇರಿ ಒಂದು ಸಣ್ಣ ಟಿಫಿನ್ ಡಬ್ಬಿಯಲ್ಲಿ ಹಿಡಿಯುತ್ತೆ.

ನೇತ್ರಾಣಿಗೆ ಬೋಟ್‌ನಲ್ಲಿ ಒಂದು ಗಂಟೆಗೂ ಜಾಸ್ತಿ ಬೇಕು ಅಂತ ನಿಮಗೇ ಗೊತ್ತು. ಅಲ್ಲಿ ಬಂಡೆ, ಆಡು ಬಿಟ್ಟರೆ ಬೇರೇನೂ ಇಲ್ಲ. ಮರೆತ ಟೈ ತರೋಕೆ ವಾಪಸ್ ಬರೋಕಾಗಲ್ಲ. ಹಾಗಾಗಿ ಡಬ್ಬಿ ರೂಮಲ್ಲಿ ಅಲ್ಲ, ಬೋಟ್ ಮೇಲೆ ಇರಬೇಕು. ಕಿಟ್ ತಂದು ಹೋಟೆಲ್‌ನಲ್ಲಿ ಬಿಟ್ಟು ಬರೋರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮದು ಡಿನ್ ಅಂದ್ರಲ್ಲ, ಅಲ್ಲಿ ಒಂದು ವಿಷಯ ಇದೆ. ಯೋಕ್ ರೆಗ್ಯುಲೇಟರ್ (ವಾಲ್ವ್ ಸುತ್ತ ಹಿಡಿದು ಬಿಗಿಯೋದು) ಆದರೆ ಗಾಳಿ ತಡೆಯುವ ಓ-ರಿಂಗ್ ಸಿಲಿಂಡರ್ ವಾಲ್ವ್‌ನ ಮುಖದಲ್ಲಿ ಕೂತಿರುತ್ತೆ. ಅಂದರೆ ಅದು ಡೈವ್ ಸೆಂಟರ್‌ನವರ ಸೊತ್ತು. ಹೋದರೆ ಅವರೇ ಬದಲಾಯಿಸುತ್ತಾರೆ. ಡಿನ್‌ನಲ್ಲಿ ಆ ಓ-ರಿಂಗ್ ನಿಮ್ಮ ರೆಗ್ಯುಲೇಟರ್ ಮೂತಿಯಲ್ಲೇ ಇರುತ್ತೆ. ಅದು ನಿಮ್ಮ ಸೊತ್ತು. ಎಲ್ಲ ಸೆಂಟರ್‌ನಲ್ಲೂ ಅದರ ಸ್ಪೇರ್ ಇಟ್ಟಿರುತ್ತಾರೆ ಅಂತ ನಂಬಬೇಡಿ. ನಿಮ್ಮ ಪಟ್ಟಿಯಲ್ಲಿ ಮೊದಲನೆಯದು ಅದೇ.

ಪೀಣ್ಯ_ಫಿಟ್ಟರ್

ದೋಣಿಮನೆಯವರ ಮಾತಿಗೆ ಅಳತೆ ಸೇರಿಸುತ್ತೇನೆ. ಓ-ರಿಂಗ್ ಅಂದರೆ ಸುಮ್ನೆ ಕಣ್ಣಳತೆಯಲ್ಲಿ ತರೋ ಸಾಮಾನಲ್ಲ.

ಡೈವಿಂಗ್ ಸಾಮಾನಲ್ಲಿ ಹೆಚ್ಚಿನವು ಎಎಸ್568 ಅನ್ನೋ ಅಮೆರಿಕನ್ ಅಳತೆ ಪಟ್ಟಿಯವು. ಯೋಕ್ ವಾಲ್ವ್ ಮುಖಕ್ಕೆ ಸಾಮಾನ್ಯವಾಗಿ 014. ಡಿನ್ ಮೂತಿಗೆ ಹೆಚ್ಚಾಗಿ 112, ಕೆಲವು ಕಂಪನಿಯವಕ್ಕೆ 111. ನಿಮ್ಮದಕ್ಕೆ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಇದರಲ್ಲಿ ಒಂದು ಮೋಸ ಇದೆ. 014 ಮತ್ತು 112 ಎರಡಕ್ಕೂ ಒಳ ವ್ಯಾಸ ಸರಿಸುಮಾರು 12.4 ಮಿ.ಮೀ. ಆದರೆ ದಪ್ಪ ಬೇರೆ: 014 ಆದರೆ 1.78 ಮಿ.ಮೀ., 112 ಆದರೆ 2.62 ಮಿ.ಮೀ. ಒಂದೇ ಕವರಿನಲ್ಲಿ ಹಾಕಿಟ್ಟರೆ ಬೋಟ್ ಅಲ್ಲಾಡುವಾಗ, ಒದ್ದೆ ಕೈಯಲ್ಲಿ ಯಾವುದು ಯಾವುದು ಅಂತ ಗೊತ್ತಾಗಲ್ಲ. ಬೇರೆ ಬೇರೆ ಸಣ್ಣ ಜಿಪ್ ಕವರು, ಮೇಲೆ ಮಾರ್ಕರ್‌ನಲ್ಲಿ ನಂಬರ್. ವಾರದ ಮಾತ್ರೆ ಹಾಕಿಡುವ ಡಬ್ಬಿ ಮೆಡಿಕಲ್ ಶಾಪಲ್ಲಿ ಸಿಗುತ್ತಲ್ಲ, ಅದೂ ಚೆನ್ನಾಗಿರುತ್ತೆ.

ಇನ್ನೊಂದು ವಿಷಯ, ಗಡಸುತನ. ಮಾರ್ಕೆಟಲ್ಲಿ ಸಾಮಾನ್ಯವಾಗಿ ಸಿಗೋದು 70 ಶೋರ್ (ರಬ್ಬರ್ ಗಡಸುತನದ ಅಳತೆ, ನಂಬರ್ ಜಾಸ್ತಿ ಅಂದರೆ ಗಟ್ಟಿ). ಸಿಲಿಂಡರ್ ಗಾಳಿ ನೇರವಾಗಿ ತಾಗುವ 014, 112 ಎರಡಕ್ಕೂ 90 ಶೋರ್ ತಗೊಳ್ಳಿ. ತುಂಬಿದ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತೆ. ಸಮುದ್ರದಲ್ಲಿ 2 ಕಿ.ಮೀ. ಆಳಕ್ಕೆ ಹೋದರೆ ಇರುವಷ್ಟು. ಆ ಒತ್ತಡಕ್ಕೆ ಮೆತ್ತನೆಯ ರಬ್ಬರ್ ಲೋಹದ ಸಂದಿಯಿಂದ ಹೊರಗೆ ಹಿಂಡಿಕೊಂಡು ಬರುತ್ತೆ, ಅಂಚು ಚೂರಾಗುತ್ತೆ.

ಫಸ್ಟ್ ಸ್ಟೇಜ್‌ಗೆ (ರೆಗ್ಯುಲೇಟರ್‌ನಲ್ಲಿ ಸಿಲಿಂಡರ್‌ಗೆ ಕೂರುವ ಭಾಗ) ಹೋಸ್ ಕೂರುವ ಕಡೆ ಹೈ ಪ್ರೆಶರ್ ಪೋರ್ಟ್‌ಗೆ 012, ಮಾಮೂಲಿ ಲೋ ಪ್ರೆಶರ್ ಪೋರ್ಟ್‌ಗೆ 011. ಪ್ರೆಶರ್ ಗೇಜ್ ತಿರುಗುವ ಜಾಗದಲ್ಲಿ ಒಳಗೆ ಒಂದು ಸಣ್ಣ ಸ್ಪೂಲ್ ಇದೆ. ಅದರ ಎರಡು ತುದಿಗೂ 003. ಗೇಜ್ ಬುಡದಿಂದ ಸಣ್ಣ ಗುಳ್ಳೆ ಬರೋದು ಹತ್ತಕ್ಕೆ ಒಂಬತ್ತು ಸಲ ಇದರಿಂದಲೇ. ಓ-ರಿಂಗ್ ಹಾಕಿದ ಸ್ಪೂಲ್ ರೆಡಿಯಾಗಿಯೇ ಸಿಗುತ್ತೆ. ಒಂದು ಇಟ್ಟುಕೊಂಡರೆ ಸಾಕು, ಸಾಸಿವೆ ಗಾತ್ರದ ಓ-ರಿಂಗ್ ಜೊತೆ ಬೋಟ್ ಮೇಲೆ ಸರ್ಕಸ್ ಬೇಡ.

ಓ-ರಿಂಗ್ ತೆಗೆಯೋಕೆ ಪಿನ್ನು, ಸೂಜಿ, ಚಾಕು ಬಳಸಬೇಡಿ. ಓ-ರಿಂಗ್ ಕೂರುವ ತೋಡಿನಲ್ಲಿ ಗೀರು ಬಿದ್ದರೆ ಹೊಸ ಓ-ರಿಂಗ್ ಹಾಕಿದರೂ ಸೋರುತ್ತೆ. ಹಿತ್ತಾಳೆ ಪಿಕ್ ಸಿಗುತ್ತೆ, ಪ್ಲಾಸ್ಟಿಕ್‌ದೂ ಆಗುತ್ತೆ.

ಹೊಸ_ಮೀನು, ಬೆಂಗಳೂರು

ಧನ್ಯವಾದ ಇಬ್ಬರಿಗೂ. ಫಿಟ್ಟರ್ ಸರ್, ಈ ಓ-ರಿಂಗ್‌ಗಳನ್ನು ಎಸ್‌ಪಿ ರೋಡ್, ಎಸ್‌ಜೆಪಿ ರೋಡ್ ಕಡೆ ಅಂಗಡಿಯಲ್ಲಿ ತಗೊಂಡರೆ ನಡೆಯುತ್ತಾ? ಡೈವ್ ಶಾಪ್‌ನಲ್ಲಿ ಅದೇ ರಬ್ಬರಿಗೆ ಹತ್ತು ಪಟ್ಟು ಹೇಳುತ್ತಾರೆ.

ಪೀಣ್ಯ_ಫಿಟ್ಟರ್

ನಡೆಯುತ್ತೆ, ಏನು ಕೇಳಬೇಕು ಅಂತ ಗೊತ್ತಿದ್ದರೆ. "ಎಎಸ್568, 112, ನೈಟ್ರೈಲ್, 90 ಶೋರ್" ಅಂತ ಬರೆದುಕೊಂಡು ಹೋಗಿ. ಅಂಗಡಿಯವರು "12ಕ್ಕೆ ಎರಡೂವರೆ ಇದೆ, ಅದೇ ಮೇಡಂ, ಏನೂ ಆಗಲ್ಲ" ಅಂದರೆ ಬೇಡ ಅನ್ನಿ. ಮೆಟ್ರಿಕ್ ಅಳತೆಯ ಹತ್ತಿರದ್ದು ಅಂತ ಒಂದಿರುತ್ತೆ. ಹತ್ತಿರದ್ದು ಪಂಪಿಗೆ ಸರಿ, ಇದಕ್ಕಲ್ಲ. ಹೊಳಪು ಕಡಿಮೆಯಾಗಿ, ಎಳೆದಾಗ ಮೇಲೆ ಸಣ್ಣ ಬಿರುಕು ಕಂಡರೆ ಹಳೇ ಸ್ಟಾಕು. ನೈಟ್ರಾಕ್ಸ್ (ಆಕ್ಸಿಜನ್ ಜಾಸ್ತಿ ಇರೋ ಗಾಳಿ) ಬಳಸುವವರು ಸೆಂಟರ್‌ನವರನ್ನು ಕೇಳಿಕೊಂಡು ವೈಟಾನ್ ರಬ್ಬರ್‌ನದು ತಗೊಳ್ಳಿ.

ರೆಗ್ಯುಲೇಟರ್ ಒಳಗೆ ಹೋಗುವ ಓ-ರಿಂಗ್ ಮಾತ್ರ ಅಂಗಡಿಯಿಂದ ತರಬೇಡಿ. ಅದು ಸರ್ವಿಸ್ ಕಿಟ್‌ನಲ್ಲೇ ಬರುತ್ತೆ, ಸರ್ವಿಸ್ ಮಾಡುವವರೇ ಹಾಕುತ್ತಾರೆ.

ಅಲೆಮಾರಿ_ಕುಂದಾಪ್ರ, ದುಬೈ

ಡಿನ್ ವಿಷಯ ಬಂತಲ್ಲ, ಅಡಾಪ್ಟರ್ ಬಗ್ಗೆ ಯಾರೂ ಹೇಳಿಲ್ಲ. ನಮ್ಮ ಕಡೆ ಫುಜೈರಾ, ಮುಸಂದಂ ಹೋದರೆ ಒಂದು ಬೋಟಲ್ಲಿ ಒಂದು ತರದ ಸಿಲಿಂಡರ್. ಡಿನ್ ಇಟ್ಟುಕೊಂಡವರು ಯೋಕ್ ಅಡಾಪ್ಟರ್ ಇಲ್ಲದೆ ಹೊರಟರೆ ದಡದಲ್ಲಿ ಕೂತು ಮೀನು ಹಿಡಿಯೋದೇ.

ಆದರೆ ಅಡಾಪ್ಟರ್ ಗಟ್ಟಿ ಲೋಹ, ತೂಕ ಇದೆ. ಅದನ್ನು ಹಾಕಿದರೆ ಫಸ್ಟ್ ಸ್ಟೇಜ್ ಹಿಂದಕ್ಕೆ, ತಲೆ ಕಡೆಗೆ ಬರುತ್ತೆ. ಮೇಲೆ ನೋಡೋಕೆ ಹೋದರೆ ತಲೆಗೆ ಟಕ್ ಅನ್ನುತ್ತೆ. ಹೋಗುವ ಮೊದಲು ಡೈವ್ ಸೆಂಟರ್‌ಗೆ ಒಂದು ಮೇಲ್ ಹಾಕಿ: ನಿಮ್ಮ ವಾಲ್ವ್ ಬರೀ ಯೋಕಾ, ಅಥವಾ ನಡುವಿನ ಇನ್ಸರ್ಟ್ (ತಿರುಪಿ ತೆಗೆಯುವ ಲೋಹದ ತುಂಡು) ತೆಗೆದರೆ ಡಿನ್ ಆಗುತ್ತಾ? ಇನ್ಸರ್ಟ್ ಇರೋದಾದರೆ ಅಡಾಪ್ಟರ್ ಬೇಡವೇ ಬೇಡ. ಒಂದು ಮೇಲ್‌ಗೆ ಅಷ್ಟು ತೂಕ ಉಳಿಯುತ್ತೆ.

ಇನ್ನೊಂದು. ಕಿಟ್ ಡಬ್ಬಿಯನ್ನು ವರ್ಷಪೂರ್ತಿ ಕಾರ್ ಡಿಕ್ಕಿಯಲ್ಲಿ ಇಡೋ ಚಾಳಿ ನಮ್ಮಲ್ಲಿ ಹಲವರಿಗೆ ಇದೆ. ಇಲ್ಲಿನ ಬೇಸಿಗೆಗೆ ಮಾಸ್ಕ್ ಸ್ಟ್ರಾಪು ಅಂಟಂಟಾಗುತ್ತೆ, ಓ-ರಿಂಗ್ ಗಟ್ಟಿಯಾಗುತ್ತೆ. ಊರಲ್ಲೂ ಏಪ್ರಿಲ್, ಮೇ ಬಿಸಿಲಿಗೆ ಅದೇ ಗತಿ. ಸ್ಪೇರ್ ಅಂತ ಇಟ್ಟಿದ್ದು ಒರಿಜಿನಲ್‌ಗಿಂತ ಮೊದಲೇ ಹಾಳಾಗಿರುತ್ತೆ. ಮನೆಯೊಳಗೆ, ಬೆಳಕು ಬೀಳದ ಕಡೆ ಇಡಿ.

ಬೆಳಕಿನ_ಬೇಟೆ, ಮೈಸೂರು

ನಾನು ನೀರೊಳಗೆ ಫೋಟೊ ತೆಗೆಯುವವಳು. ಹೊಸ_ಮೀನು ಅವರೇ, ವಿಮಾನದ ಕಡೆಯಿಂದ ಕೆಲವು ಮಾತು. ಕಿಟ್ ಎಷ್ಟೇ ಚೆನ್ನಾಗಿದ್ದರೂ ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಕೊಂಡರೆ ಮುಗೀತು.

ಸ್ಪ್ಯಾನರ್, ಸ್ಕ್ರೂಡ್ರೈವರ್, ಕತ್ತರಿ, ಡೈವ್ ಚಾಕು, ಲೈನ್ ಕಟರ್ ಎಲ್ಲ ಚೆಕ್-ಇನ್ ಬ್ಯಾಗಿಗೆ. ಬಿಡಿ ಲಿಥಿಯಂ ಬ್ಯಾಟರಿ ಎಲ್ಲ ಕೈಚೀಲಕ್ಕೆ. ಇದು ಉಲ್ಟಾ ಆಗಲೇಬಾರದು. ಚೆಕ್-ಇನ್ ಬ್ಯಾಗಲ್ಲಿ ಬಿಡಿ ಬ್ಯಾಟರಿ ಕಂಡರೆ ಬ್ಯಾಗನ್ನೇ ಇಳಿಸುತ್ತಾರೆ. ಒಂದು ಬ್ಯಾಟರಿಗೆ 100 ವಾಟ್-ಅವರ್ ಒಳಗಿದ್ದರೆ ಮೊದಲೇ ಅನುಮತಿ ಬೇಕಿಲ್ಲ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಟಾರ್ಚ್‌ಗೆ ಹಾಕುವ 18650 ಸೆಲ್ ಹೆಚ್ಚುಕಮ್ಮಿ 12 ವಾಟ್-ಅವರ್, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದೊಂದನ್ನೂ ಪ್ಲಾಸ್ಟಿಕ್ ಕೇಸಲ್ಲಿ ಹಾಕಿ, ಇಲ್ಲಾ ಎರಡು ತುದಿಗೂ ಟೇಪ್ ಸುತ್ತಿ. ಬೀಗದ ಕೈ ಜೊತೆ ಜೇಬಲ್ಲಿ ಸುಮ್ನೆ ಹಾಕಿಕೊಂಡರೆ ಶಾರ್ಟ್ ಆಗಿ ಬೆಂಕಿ.

ದೊಡ್ಡ ಡೈವ್ ಟಾರ್ಚನ್ನು ಬ್ಯಾಟರಿ ತೆಗೆದೇ ಒಯ್ಯಿರಿ. ಬ್ಯಾಗೊಳಗೆ ತಾನಾಗೇ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತೆ. ಇಂಥ ಟಾರ್ಚಿಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು ಅಂತ ನಿಯಮದಲ್ಲೇ ಇದೆ.

ರೆಗ್ಯುಲೇಟರ್, ಕಂಪ್ಯೂಟರ್, ಮಾಸ್ಕ್ ನಾನು ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ಬ್ಯಾಗ್ ಕಳೆದುಹೋದರೂ ಉಳಿದಿದ್ದೆಲ್ಲ ಬಾಡಿಗೆಗೆ ಸಿಗುತ್ತೆ. ಕನ್ನಡಕ ಹಾಕುವವರಾದರೆ ಪವರ್ ಇರುವ ಮಾಸ್ಕ್ ಬಾಡಿಗೆಗೆ ಸಿಗೋದು ಕಷ್ಟ. ನನ್ನ ಪ್ರಕಾರ ಸ್ಪೇರ್ ಅಂತ ಒಂದೇ ಒಂದು ವಸ್ತು ಒಯ್ಯಿರಿ ಅಂದರೆ ಅದು ಇನ್ನೊಂದು ಮಾಸ್ಕ್. ಆಗ ಸ್ಟ್ರಾಪ್, ಬಕಲ್, ಗಾಜು ಎಲ್ಲದಕ್ಕೂ ಸ್ಪೇರ್ ಸಿಕ್ಕ ಹಾಗೆ.

ಹೊಸ_ಮೀನು, ಬೆಂಗಳೂರು

ಮಾಸ್ಕ್ ಮಾತು ಹಿಡಿಸಿತು. ನಮ್ಮ ಯಜಮಾನರಿಗೆ ಮೈನಸ್ ನಾಲ್ಕು. ಇನ್ನೊಂದು ಸಂಶಯ. ಕಂಪ್ಯೂಟರ್ ಬ್ಯಾಟರಿ ಒಯ್ಯಲಾ? ಹಾಗೇ, ಯಾರೂ ಗ್ರೀಸ್ ಬಗ್ಗೆ ಹೇಳಿಲ್ಲ. ನಮ್ಮ ಕ್ಲಬ್‌ನಲ್ಲಿ ಒಬ್ಬರು ವ್ಯಾಸಲೀನ್ ಸಾಕು ಅಂದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ ಅಂದರು!

ಪೀಣ್ಯ_ಫಿಟ್ಟರ್

ಎರಡೂ ಬೇಡ. ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳಿ. ರೆಗ್ಯುಲೇಟರ್ ಸುತ್ತಮುತ್ತ ಯಾವ ಎಣ್ಣೆಯೂ ಬರಬಾರದು. ವ್ಯಾಸಲೀನ್ ಪೆಟ್ರೋಲಿಯಂ, ಕೆಲವು ರಬ್ಬರ್ ಅದಕ್ಕೆ ಉಬ್ಬುತ್ತೆ. ಒತ್ತಡದಲ್ಲಿರುವ ಆಕ್ಸಿಜನ್ ಜಾಸ್ತಿ ಇರೋ ಗಾಳಿಗೆ ಎಣ್ಣೆ ತಾಗಿದರೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಡಬ್ಲ್ಯೂಡಿ-40 ಕೂಡ ಇದೇ ಸಾಲಿಗೆ. ಸ್ಪ್ಯಾನರ್ ತುಕ್ಕು ಹಿಡಿಯದ ಹಾಗೆ ಮನೆಯಲ್ಲಿ ಒರೆಸಿ ಇಡೋಕೆ ಸರಿ, ಕಿಟ್ ಡಬ್ಬಿಗೆ ಬೇಡ.

ಮಾಮೂಲಿ ಗಾಳಿಗೆ ಸಿಲಿಕೋನ್ ಗ್ರೀಸ್ ಸಾಕು. ಬೆರಳುಗುರಿನಷ್ಟು ಸಣ್ಣ ಡಬ್ಬಿ ವರ್ಷಗಟ್ಟಲೆ ಬರುತ್ತೆ. ಓ-ರಿಂಗ್ ಮೇಲೆ ಹೊಳಪು ಬಂದರೆ ಆಯ್ತು. ಬಜ್ಜಿ ಹಿಟ್ಟಿನಂತೆ ಮೆತ್ತಿದರೆ ಮರಳು, ಕೂದಲು ಅಂಟಿ ಅದರಿಂದಲೇ ಸೋರುತ್ತೆ. ಆಕ್ಸಿಜನ್ ಜಾಸ್ತಿ ಇರುವ ಮಿಶ್ರಣಕ್ಕೆ ಕ್ರಿಸ್ಟೋ-ಲೂಬ್ ತರದ್ದು ಬೇಕು. ದುಬಾರಿ.

ಬೆಳಕಿನ_ಬೇಟೆ, ಮೈಸೂರು

ಕ್ಯಾಮೆರಾ ಹೌಸಿಂಗ್ (ನೀರು ಹೋಗದ ಪೆಟ್ಟಿಗೆ) ಇರೋರಿಗೆ ಒಂದು ಎಚ್ಚರಿಕೆ. ಹೌಸಿಂಗ್ ಓ-ರಿಂಗ್ ಕೆಲವು ಕಂಪನಿಯವು ಸಿಲಿಕೋನ್‌ನದೇ. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಹಿಗ್ಗಿ ಕೂರೋದೇ ಇಲ್ಲ. ಹೌಸಿಂಗ್ ಜೊತೆ ಕೊಟ್ಟ ಗ್ರೀಸನ್ನೇ ಬಳಸಿ. ರೆಗ್ಯುಲೇಟರ್ ಕಿಟ್, ಕ್ಯಾಮೆರಾ ಕಿಟ್ ಎರಡೂ ಬೇರೆ ಡಬ್ಬಿಯಲ್ಲಿರಲಿ.

ಕಂಪ್ಯೂಟರ್ ಬ್ಯಾಟರಿ: ಹೊರಡುವ ಮೊದಲೇ ಬದಲಾಯಿಸಿ, ಮನೆಯಲ್ಲಿ. ಟ್ರಿಪ್ ನಡುವೆ ಬ್ಯಾಟರಿ ತೆಗೆದರೆ ಕೆಲವು ಕಂಪ್ಯೂಟರ್‌ಗಳಲ್ಲಿ ಹಿಂದಿನ ಡೈವ್‌ಗಳ ನೈಟ್ರೋಜನ್ ಲೆಕ್ಕ ಅಳಿಸಿ ಹೋಗುತ್ತೆ. ನಿಮ್ಮ ಮೈಯಲ್ಲಿ ನೈಟ್ರೋಜನ್ ಹಾಗೇ ಇದೆ, ಕಂಪ್ಯೂಟರ್‌ಗೆ ಮಾತ್ರ ನೀವು ಆಗ ತಾನೇ ನಿದ್ದೆಯಿಂದ ಎದ್ದು ಬಂದ ಹೊಸಬರು. ಆಮೇಲೆ ಅದು ತೋರಿಸೋ ಸಮಯ ನಂಬಿ ಇಳಿಯೋದು ಡಿಕಂಪ್ರೆಷನ್ ಕಾಯಿಲೆಗೆ ದಾರಿ. ಟ್ರಿಪ್ ನಡುವೆ ಬ್ಯಾಟರಿ ಸತ್ತೇ ಹೋದರೆ ಒಂದು ದಿನ, 24 ಗಂಟೆ, ನೀರಿಗೆ ಇಳಿಯದೆ ಇದ್ದು ಹೊಸದಾಗಿ ಶುರು ಮಾಡಿ. ಬಾಡಿಗೆ ಕಂಪ್ಯೂಟರ್ ತಗೊಂಡರೂ ಇದೇ ನಿಯಮ, ಯಾಕೆಂದರೆ ಅದಕ್ಕೂ ನಿಮ್ಮ ಹಿಂದಿನ ಡೈವ್ ಗೊತ್ತಿಲ್ಲ.

ಆದರೂ ಒಂದು ಬಿಡಿ ಸೆಲ್ ಇಟ್ಟುಕೊಳ್ಳಿ. ಸಿಆರ್2032 ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತೆ. ಡೈವ್ ಕಂಪ್ಯೂಟರ್‌ಗಳಲ್ಲಿ ಜಾಸ್ತಿ ಇರೋ ಸಿಆರ್2450 ಎಲ್ಲ ಕಡೆ ಸಿಗಲ್ಲ, ದ್ವೀಪದಲ್ಲಂತೂ ಮರೆತುಬಿಡಿ. ಬ್ಯಾಟರಿ ಮುಚ್ಚಳದ ಓ-ರಿಂಗೂ ಜೊತೆಗಿರಲಿ.

ಮಂಜು_ನೀರು, ಲೆಸ್ಟರ್

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ ನಾವು ಇಳಿಯೋದು ಸ್ಟೋನಿ ಕೋವ್‌ನಂಥ ಹಳೇ ಕಲ್ಲುಕ್ವಾರಿಯ ತಣ್ಣೀರಲ್ಲಿ. ಡ್ರೈಸೂಟ್ ಕುತ್ತಿಗೆ ಸೀಲು, ಜಿಪ್ ಮೇಣ, ಸೀಲಿಗೆ ಪೌಡರ್ ಅಂತ ನಮ್ಮ ಡಬ್ಬಿಯೇ ಬೇರೆ. ನಿಮಗೆ ಅದ್ಯಾವುದೂ ಬೇಡ.

ಆದರೆ ಎಲ್ಲ ಕಡೆಗೂ ಹೊಂದುವ ಮಾತು ಇದು: ಸೆಕೆಂಡ್ ಸ್ಟೇಜ್ (ರೆಗ್ಯುಲೇಟರ್‌ನಲ್ಲಿ ಬಾಯಿಗೆ ಇಟ್ಟುಕೊಳ್ಳುವ ಭಾಗ) ಹೇಗೆ ಬಿಚ್ಚೋದು ಅಂತ ಕಲಿತುಕೊಳ್ಳಿ. ಮುಂದಿನ ಮುಚ್ಚಳ ತಿರುಗಿಸಿದರೆ ಡಯಾಫ್ರಂ ಅನ್ನೋ ತೆಳು ರಬ್ಬರ್ ಪರದೆ ಕಾಣುತ್ತೆ. ಮರಳು ಸಿಕ್ಕಿದ್ದರೆ ತೊಳೆದು ಹಾಕಿದರೆ ಆಯ್ತು. ಗಾಳಿ ಸಣ್ಣಗೆ ಸೋರುತ್ತಿದ್ದರೆ ಒಳಗಿನ ಆರಿಫೈಸ್ (ಗಾಳಿ ಬರುವ ತೂತಿರುವ ತುಂಡು) ಕಾಲು ಸುತ್ತು ತಿರುಗಿಸಿ ಸರಿ ಮಾಡಬಹುದು. ಇಷ್ಟಕ್ಕೆಲ್ಲ ಸರ್ವಿಸ್ ಸೆಂಟರ್ ಅಂತ ಕೂತರೆ ರಜೆ ಮುಗಿದೇ ಹೋಗುತ್ತೆ.

ದೋಣಿಮನೆ, ಮುರುಡೇಶ್ವರ

ಮಂಜು_ನೀರು ಸಾರ್, ಇದಕ್ಕೆ ನನ್ನ ವಿರೋಧ ಇದೆ. ನಿಮಗೆ ಗೊತ್ತಿದೆ, ನೀವು ಮಾಡ್ತೀರಿ. ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ ಅಂತ ಹೇಳಿದವರಿಗೆ ಆರಿಫೈಸ್ ತಿರುಗಿಸಿ ಅನ್ನೋದು ಸರಿಯಾ?

ರೆಗ್ಯುಲೇಟರ್ ಸಣ್ಣಗೆ ಸೋರುತ್ತಿದೆ ಅಂದರೆ ತಪ್ಪು ಸೆಕೆಂಡ್ ಸ್ಟೇಜ್‌ನಲ್ಲೇ ಇರಬೇಕು ಅಂತಿಲ್ಲ. ಫಸ್ಟ್ ಸ್ಟೇಜ್ ಸೀಟ್ ಸವೆದು ಮಧ್ಯದ ಒತ್ತಡ (ಎರಡು ಸ್ಟೇಜ್ ನಡುವಿನ ಹೋಸ್‌ನಲ್ಲಿರೋದು) ಏರುತ್ತಾ ಹೋದರೂ ಸೋರೋದು ಸೆಕೆಂಡ್ ಸ್ಟೇಜ್‌ನಿಂದಲೇ. ಅಲ್ಲಿ ಆರಿಫೈಸ್ ಬಿಗಿ ಮಾಡಿದರೆ ಸೋರಿಕೆ ನಿಲ್ಲುತ್ತೆ, ರೋಗ ಒಳಗೇ ಇರುತ್ತೆ. 25 ಮೀಟರ್ ಕೆಳಗೆ ಹೋದ ಮೇಲೆ ಒಂದೇ ಸಲ ಫ್ರೀ ಫ್ಲೋ ಆದರೆ, ಅಂದರೆ ಗಾಳಿ ನಿಲ್ಲದೆ ನುಗ್ಗಿದರೆ, ಯಾರು ಹೊಣೆ?

ಬೋಟಲ್ಲಿ ಬಾಡಿಗೆ ರೆಗ್ಯುಲೇಟರ್ ಇದ್ದೇ ಇರುತ್ತೆ. ಅದನ್ನು ಹಾಕಿಕೊಂಡು ಇಳಿಯಿರಿ, ನಿಮ್ಮದನ್ನು ಊರಿಗೆ ಹೋಗಿ ಸರ್ವಿಸ್‌ಗೆ ಕೊಡಿ. ಸ್ವಂತದ್ದೇ ಬೇಕು ಅನ್ನೋ ಹಟ ಬೇಡ.

ಮಂಜು_ನೀರು, ಲೆಸ್ಟರ್

ಮಧ್ಯದ ಒತ್ತಡದ ಮಾತು ಸರಿಯೇ. ಅದಕ್ಕೇ ನನ್ನ ಡಬ್ಬಿಯಲ್ಲಿ ಆ ಒತ್ತಡ ತೋರಿಸುವ ಐಪಿ ಗೇಜ್ ಇರುತ್ತೆ. ಹೆಬ್ಬೆರಳಿನಷ್ಟು ಸಣ್ಣ ಗೇಜು, ಬಿಸಿಡಿ ಇನ್‌ಫ್ಲೇಟರ್ ಹೋಸ್‌ಗೆ ಸಿಕ್ಕಿಸೋದು. ಹೆಚ್ಚಿನ ರೆಗ್ಯುಲೇಟರ್‌ಗಳಲ್ಲಿ 9ರಿಂದ 10 ಬಾರ್ ಆಸುಪಾಸಿಗೆ ಬಂದು ಮುಳ್ಳು ನಿಲ್ಲಬೇಕು. ಪರ್ಜ್ (ಸೆಕೆಂಡ್ ಸ್ಟೇಜ್ ಮುಂದಿನ ಗುಂಡಿ) ಒತ್ತಿ ಬಿಟ್ಟ ಮೇಲೂ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ನಿಧಾನಕ್ಕೆ ಮೇಲೇರುತ್ತಿದ್ದರೆ ಫಸ್ಟ್ ಸ್ಟೇಜ್ ಕೆಟ್ಟಿದೆ, ಅವತ್ತಿಗೆ ಅದು ನೀರಿಗೆ ಇಳಿಯಬಾರದು. ನೋಡದೆ ಆರಿಫೈಸ್ ಮುಟ್ಟಿ ಅಂತ ನಾನೂ ಹೇಳಲ್ಲ. ಆದರೆ ಕಲಿಯೋದೇ ಬೇಡ ಅನ್ನೋದನ್ನು ಒಪ್ಪಲ್ಲ. ಬಾಡಿಗೆ ರೆಗ್ಯುಲೇಟರ್ ಯಾವಾಗ ಸರ್ವಿಸ್ ಆಗಿದೆ ಅಂತ ಯಾರಿಗೆ ಗೊತ್ತು?

ಪೀಣ್ಯ_ಫಿಟ್ಟರ್

ಇಬ್ಬರ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಐಪಿ ಗೇಜ್ ಹೊಸಬರಿಗೂ ಒಳ್ಳೆಯದು, ಯಾಕೆಂದರೆ ಅದು ನೋಡೋಕಷ್ಟೇ, ಬಿಚ್ಚೋಕಲ್ಲ. ಬಿಚ್ಚುವ ವಿಷಯದಲ್ಲಿ ನಾನು ದೋಣಿಮನೆಯವರ ಕಡೆ. ನನ್ನ ಕೈಯಲ್ಲಿ ದಿನವಿಡೀ ಸ್ಪ್ಯಾನರ್ ಇರುತ್ತೆ. ಆದರೂ ಬೋಟ್ ಮೇಲೆ, ಉಪ್ಪು ಗಾಳಿಯಲ್ಲಿ, ಸಣ್ಣ ಸ್ಪ್ರಿಂಗ್ ಹಾರಿ ಸಮುದ್ರಕ್ಕೆ ಬೀಳುವ ಜಾಗದಲ್ಲಿ ರೆಗ್ಯುಲೇಟರ್ ಬಿಚ್ಚಲ್ಲ.

ಬೋಟ್ ಮೇಲೆ ಮಾಡಬಹುದಾದ ದೊಡ್ಡ ಕೆಲಸ ಅಂದರೆ ಹೋಸ್ ಬದಲಾಯಿಸೋದು. ಅದಕ್ಕೆ ಬೇಕಾಗೋದು ಆರು ಇಂಚಿನ ಒಂದು ಸ್ಕ್ರೂ ಸ್ಪ್ಯಾನರ್, ಮತ್ತು ಪೋರ್ಟ್ ಪ್ಲಗ್‌ಗಳಿಗೆ 4, 5, 6 ಎಂಎಂ ಅಲೆನ್ ಕೀ. ಮೊದಲು ಸಿಲಿಂಡರ್ ಮುಚ್ಚಿ, ಪರ್ಜ್ ಒತ್ತಿ ಗಾಳಿ ಪೂರ್ತಿ ಖಾಲಿ ಮಾಡಿ, ಗೇಜ್ ಸೊನ್ನೆ ತೋರಿಸಬೇಕು. ಆಮೇಲೇ ಸ್ಪ್ಯಾನರ್. ಫಸ್ಟ್ ಸ್ಟೇಜ್ ಹಿತ್ತಾಳೆ, ಕ್ರೋಮ್ ಮೇಲಿನ ಹೊದಿಕೆ ಮಾತ್ರ. ಬೈಕ್ ನಟ್ ಬಿಗಿದ ಹಾಗೆ ಬಿಗಿದರೆ ಥ್ರೆಡ್ಡೇ ಹೋಗುತ್ತೆ. ಗಾಳಿ ತಡೆಯೋದು ಓ-ರಿಂಗ್, ನಿಮ್ಮ ತೋಳಿನ ಬಲ ಅಲ್ಲ. ಕೈಯಲ್ಲಿ ಪೂರ್ತಿ ತಿರುಗಿಸಿ, ಸ್ಪ್ಯಾನರ್‌ನಲ್ಲಿ ಒಂದು ಸಣ್ಣ ತಿರುವು. ಟಾರ್ಕ್ ಲೆಕ್ಕದಲ್ಲಿ ನಾಲ್ಕೈದು ನ್ಯೂಟನ್-ಮೀಟರ್ ಅಷ್ಟೇ.

ಹಾಗೆಂದು ಸ್ಪೇರ್ ಹೋಸ್ ಎಲ್ಲ ತರದ್ದೂ ಬೇಡ. ಹೆಚ್ಚಿನ ಹೋಸ್ ಒಂದೇ ಸಲ ಒಡೆಯಲ್ಲ. ಲೋಹದ ತುದಿ ಹತ್ತಿರ ಬಿರುಕು, ಉಬ್ಬು, ಸಣ್ಣ ಗುಳ್ಳೆ ಮೊದಲೇ ಕಾಣುತ್ತೆ. ಹೊರಡುವ ಮೊದಲು ಹೋಸ್ ಪ್ರೊಟೆಕ್ಟರ್ ಹಿಂದೆ ಸರಿಸಿ ನೋಡಿ, ಬಿರುಕು ಅಲ್ಲೇ ಅವಿತಿರುತ್ತೆ. ಅನುಮಾನ ಬಂದರೆ ಮನೆಯಲ್ಲೇ ಬದಲಾಯಿಸಿ. ಆಗ ಸ್ಪೇರ್ ಹೊರುವ ಕೆಲಸವೇ ಇಲ್ಲ.

ಅಲೆಮಾರಿ_ಕುಂದಾಪ್ರ, ದುಬೈ

ಹೋಸ್ ಅಂದಾಗ ನೆನಪಾಯ್ತು. ಗೇಜ್ ಹೋಸ್ ಸೋರಿದರೆ ಜನ ಹೆದರಿ ಸಾಯುತ್ತಾರೆ, ಯಾಕೆಂದರೆ ಅದರಲ್ಲಿ 200 ಬಾರ್. ಆದರೆ ಹೈ ಪ್ರೆಶರ್ ಹೋಸ್‌ಗೆ ಗಾಳಿ ಬರೋದು ಸೂಜಿ ಮೊನೆಯಂಥ ತೂತಿಂದ. ಹಾಗಾಗಿ ಸಿಲಿಂಡರ್ ನಿಧಾನಕ್ಕೆ ಖಾಲಿಯಾಗುತ್ತೆ. ಲೋ ಪ್ರೆಶರ್ ಹೋಸ್ ಒಡೆದರೆ ಮಾತ್ರ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಬರಿದು. ಕಣ್ಣು ಮೊದಲು ಅಲ್ಲಿಗೆ ಹೋಗಲಿ.

ನೀರೊಳಗೆ ಯಾವುದೇ ಹೋಸ್‌ನಿಂದ ಗುಳ್ಳೆ ಕಂಡರೂ ಡೈವ್ ಮುಗೀತು, ಮೇಲೆ ಬರಬೇಕು. ಅದರಲ್ಲಿ ಚರ್ಚೆ ಇಲ್ಲ.

ಹೊಸ_ಮೀನು, ಬೆಂಗಳೂರು

ಆಯ್ತು, ಸೆಕೆಂಡ್ ಸ್ಟೇಜ್ ನಾನು ಮುಟ್ಟಲ್ಲ. ಹೊರಡುವ ವಾರ ರೆಗ್ಯುಲೇಟರ್ ಒಂದು ಸಲ ಸರ್ವಿಸ್‌ಗೆ ಕೊಟ್ಟುಬಿಡಲಾ? ಅಂಗಡಿಯಲ್ಲಿ ವರ್ಷ ಕೂತ ಪೀಸು ಇರಬಹುದು ಅನ್ನಿಸುತ್ತಿದೆ.

ದೋಣಿಮನೆ, ಮುರುಡೇಶ್ವರ

ಹೊರಡುವ ವಾರ ಬೇಡವೇ ಬೇಡ. ಸರ್ವಿಸ್ ಆಗಿ ಬಂದ ರೆಗ್ಯುಲೇಟರ್‌ನಲ್ಲಿ ಹೊಸ ಸೀಟ್ ಕೂತುಕೊಳ್ಳೋಕೆ ಸ್ವಲ್ಪ ಸಮಯ ಬೇಕು. ಕೆಲವು ಸಲ ಮೊದಲ ಡೈವ್‌ಗಳಲ್ಲಿ ಸಣ್ಣಗೆ ಸೋರಿ ಮತ್ತೆ ಸೆಟ್ ಮಾಡಿಸಬೇಕಾಗುತ್ತೆ. ಅದು ಹ್ಯಾವ್ಲಾಕ್‌ನಲ್ಲಿ ಆಗೋದು ಬೇಡ ಅಲ್ವಾ? ಒಂದು ತಿಂಗಳು ಮೊದಲೇ ಮಾಡಿಸಿ, ನಡುವೆ ಒಂದು ಸಲ ನೇತ್ರಾಣಿಗೆ ಬನ್ನಿ, ಇಲ್ಲಾ ಸ್ವಿಮ್ಮಿಂಗ್ ಪೂಲ್‌ನಲ್ಲಾದರೂ ಇಳಿದು ನೋಡಿ. ಡಿಸೆಂಬರ್‌ನಲ್ಲಿ ಸಮುದ್ರ ಚೆನ್ನಾಗಿರುತ್ತೆ.

ಬಂದಾಗ ಮೌತ್‌ಪೀಸ್ ಬದಲಾಯಿಸೋದು ನಾನೇ ತೋರಿಸುತ್ತೇನೆ. ಹಳೇ ಟೈ ಕತ್ತರಿಸೋಕೆ ಉಗುರು ಕತ್ತರಿ ಸಾಕು. ಹೊಸ ಟೈ ಹಾಕಿದ ಮೇಲೆ ಬಾಲವನ್ನು ಬುಡಕ್ಕೇ ಕತ್ತರಿಸಿ, ಇಲ್ಲಾಂದ್ರೆ ಚೂಪು ತುದಿ ತುಟಿ ಕೀಳುತ್ತೆ. ಟೈ ಒಂದು ಹಿಡಿ ಒಯ್ಯಿರಿ, ಬೋಟಲ್ಲಿ ಎಲ್ಲರೂ ಕೇಳಿಕೊಂಡು ಬರ್ತಾರೆ. ಅಗಲದ ಇನ್ಸುಲೇಷನ್ ಟೇಪ್ ಸುತ್ತಿನ ಬದಲು ಹಳೇ ಎಟಿಎಂ ಕಾರ್ಡಿಗೆ ಒಂದೆರಡು ಮೀಟರ್ ಸುತ್ತಿಟ್ಟುಕೊಳ್ಳಿ. ಬಲವಾದ ಹಗ್ಗ ಒಂದು ಮಾರು, ಒಂದೆರಡು ಬೋಲ್ಟ್ ಸ್ನ್ಯಾಪ್ (ಸ್ಪ್ರಿಂಗ್ ಕೊಂಡಿ). ಫಿನ್‌ಗೆ ಸ್ಪ್ರಿಂಗ್ ಸ್ಟ್ರಾಪ್ ಹಾಕಿಸಿದ್ದರೆ ರಬ್ಬರ್ ಸ್ಟ್ರಾಪ್ ಸ್ಪೇರ್ ಬೇಡ, ಅದು ಹೋಗೋದೇ ಅಪರೂಪ.

ಬೆಳಕಿನ_ಬೇಟೆ, ಮೈಸೂರು

ಗುಂಪಲ್ಲಿ ಹೋಗುವವರಿಗೆ: ಎಲ್ಲರೂ ಎಲ್ಲವನ್ನೂ ಒಯ್ಯಬೇಡಿ. ಹೊರಡುವ ಮೊದಲು ವಾಟ್ಸಾಪ್‌ನಲ್ಲಿ ಮಾತಾಡಿಕೊಳ್ಳಿ. ಸ್ಪ್ಯಾನರ್ ಒಬ್ಬರು, ಮಾಸ್ಕ್ ಇನ್ನೊಬ್ಬರು, ಐಪಿ ಗೇಜ್ ಮತ್ತೊಬ್ಬರು. ಮಾಲ್ಡೀವ್ಸ್ ಲೈವ್‌ಅಬೋರ್ಡ್‌ನಂಥ ಕಡೆ ಇದು ತುಂಬ ಸಹಾಯ, ಯಾಕೆಂದರೆ ದಿನಗಟ್ಟಲೆ ಬೋಟಲ್ಲೇ ಇರ್ತೀರಿ. ಲಕ್ಷದ್ವೀಪಕ್ಕೆ ಹೋಗೋರಿಗೂ ಇದೇ ಮಾತು. ಕದ್ಮತ್‌ನಲ್ಲಿ ಇಳಿದ ಮೇಲೆ ಟೂಲ್ಸ್ ಅಂಗಡಿ ಹುಡುಕೋದು ಬೇಡ.

ವೆಟ್‌ಸೂಟ್ ಹರಿದರೆ ಅಂತ ನಿಯೋಪ್ರೀನ್ ಗೋಂದು ಒಯ್ಯೋರು ಇದ್ದಾರೆ. ಅದು ಬೆಂಕಿ ಹತ್ತುವ ದ್ರಾವಣ, ವಿಮಾನಕ್ಕೆ ಬಿಡಲ್ಲ. ಸೂಜಿ, ದಪ್ಪ ನೈಲಾನ್ ದಾರ ಸಾಕು, ಹೊಲಿದುಬಿಡಿ. ಸಿಲಿಕೋನ್ ಸ್ಪ್ರೇ ಕ್ಯಾನೂ ಬೇಡ. ಜಿಪ್ ಬಿಗಿಯಾದರೆ ಮೇಣದಬತ್ತಿ ತುಂಡು ಉಜ್ಜಿ.

ಹೊಸ_ಮೀನು, ಬೆಂಗಳೂರು

ಸೆಂಟರ್‌ನಿಂದ ಮೇಲ್ ಬಂತು! ಅವರ ಸಿಲಿಂಡರ್‌ಗಳಿಗೆ ಇನ್ಸರ್ಟ್ ಇದೆಯಂತೆ, ಮೊದಲೇ ಹೇಳಿದರೆ ತೆಗೆದು ಕೊಡುತ್ತಾರಂತೆ. ಅಡಾಪ್ಟರ್ ಆರ್ಡರ್ ರದ್ದು ಮಾಡಿದೆ. ಇನ್ಸರ್ಟ್ ತೆಗೆಯೋಕೆ ಅಲೆನ್ ಕೀ ನಾನು ಒಯ್ಯಬೇಕಾ?

ಪೀಣ್ಯ_ಫಿಟ್ಟರ್

ಅದಕ್ಕೆ ಸಾಮಾನ್ಯವಾಗಿ 8 ಎಂಎಂ, ಕೆಲವಕ್ಕೆ 6. ಸೆಂಟರ್‌ನಲ್ಲಿ ಇದ್ದೇ ಇರುತ್ತೆ. ಆದರೂ 8 ಎಂಎಂ ಒಂದು ಇರಲಿ ಅಂತ ನನ್ನ ಅಭಿಪ್ರಾಯ. ಬೆಳಗ್ಗೆ ಬೋಟ್ ಹತ್ತುವ ಗಡಿಬಿಡಿಯಲ್ಲಿ ಒಂದು ಸಿಲಿಂಡರ್ ಹಾಗೇ ಬಂದುಬಿಡುತ್ತೆ.

ದೋಣಿಮನೆ, ಮುರುಡೇಶ್ವರ

ಕೀ ನಿಮ್ಮದಿರಲಿ, ತೆಗೆಯೋದು ಬೋಟಿನವರೇ ತೆಗೆಯಲಿ. ಸಿಲಿಂಡರ್ ಅವರದ್ದು. ವಾಲ್ವ್ ಪೂರ್ತಿ ಮುಚ್ಚಿರಬೇಕು ಅಷ್ಟೇ, ಸಿಲಿಂಡರ್ ತುಂಬಿದ್ದರೂ ತೊಂದರೆ ಇಲ್ಲ. ತೆಗೆದ ಮೇಲೆ ಒಳಗೆ ಇಣುಕಿ ನೋಡಿ. ಇನ್ಸರ್ಟ್ ಹಿಂದೆ ಇದ್ದ ಓ-ರಿಂಗ್ ಕೆಲವು ಸಲ ವಾಲ್ವ್ ತಳದಲ್ಲೇ ಅಂಟಿಕೊಂಡಿರುತ್ತೆ. ಅದರ ಮೇಲೆ ಡಿನ್ ಬಿಗಿದರೆ ಸೋರುತ್ತೆ. ಆಗ ನಿಮ್ಮ 112 ಕೆಟ್ಟಿದೆ ಅಂದುಕೊಂಡು ಸುಮ್ನೆ ಬದಲಾಯಿಸ್ತಾ ಕೂರಬೇಡಿ.